ಭೀಮ, ಚುಕ್ಕಿ ಜೊತೆ ದುರ್ಗದ ಗುಡ್ಡ ಹತ್ತಿದ ಐದು ದಿನ

ಮೊದಲ ದಿನ

ಏಪ್ರಿಲ್ ಕೊನೆಯ ವಾರ ಚಿತ್ರದುರ್ಗದ ಕಡೆ ಗುಡ್ಡ ಹತ್ತೋಕೆ ಹೋಗ್ತೀನಿ ಅಂದಾಗ ನಮ್ಮ ಶಾಲೆಯ ಟೀಚರುಗಳೆಲ್ಲ ನಕ್ಕರು. "ರಜಾ ಸಿಕ್ಕಿದ್ರೆ ಜನ ಮಡಿಕೇರಿಗೆ ಹೋಗ್ತಾರೆ, ನೀವು ಬಾಣಲೆಗೆ ಬೀಳ್ತೀರಲ್ಲ" ಅಂದರು ಒಬ್ಬರು. ನಾಯಿಯನ್ನೂ ಕರೆದುಕೊಂಡು ಹೋಗ್ತೀನಿ ಅಂತ ನಾನು ಹೇಳಲೇ ಇಲ್ಲ.

ನಾಯಿ ಹೆಸರು ಚುಕ್ಕಿ. ಮೂರು ವರ್ಷದ ಹಿಂದೆ ದಾವಣಗೆರೆಯಲ್ಲಿ ನಮ್ಮ ಬೀದಿಯ ಮೋರಿ ಪಕ್ಕ ಸಿಕ್ಕ ಮರಿ. ಕಂದು ಬಣ್ಣ, ಎದೆ ಮೇಲೆ ಒಂದು ಬಿಳಿ ಚುಕ್ಕೆ. ಕಾರಿನ ಹಿಂದಿನ ಸೀಟಿನಲ್ಲಿ ಹಳೇ ಜಮಖಾನೆ ಹಾಸಿ, ಎರಡು ಕ್ಯಾನ್ ನೀರು, ಒಂದು ಸ್ಟೀಲ್ ಬೋಗುಣಿ, ಒಂದು ಚೀಲ ಮಂಡಕ್ಕಿ ಇಟ್ಟುಕೊಂಡು ಬೆಳಗಿನ ಜಾವವೇ ಹೊರಟೆ. ಮಂಡಕ್ಕಿ ನನಗೆ. ಚುಕ್ಕಿಯೂ ತಿನ್ನುತ್ತಾಳೆ ಅನ್ನೋದು ಬೇರೆ ಮಾತು.

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ. ಅಡಿಕೆ ತೋಟ ಸ್ವಲ್ಪ, ಹೊಲ ಸ್ವಲ್ಪ, ಕುರಿ ಜಾಸ್ತಿ. ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ಒಂದು ಮುಧೋಳ ನಾಯಿ ಸಾಕಿದ್ದಾನೆ. ಅದಕ್ಕೆ ಭೀಮ ಅಂತ ಹೆಸರಿಟ್ಟಿದ್ದಾನೆ. ಹೊಟ್ಟೆ ಬೆನ್ನಿಗೆ ಅಂಟಿದೆ, ಪಕ್ಕೆಲುಬು ಎಣಿಸಬಹುದು, ಹೆಸರು ಮಾತ್ರ ಭೀಮ. ಹೊಸಬರು "ಊಟ ಹಾಕಲ್ವೇನ್ರಿ" ಅಂತ ಕೇಳಿದರೆ ಅಣ್ಣನಿಗೆ ಸಿಟ್ಟು ಬರುತ್ತದೆ. ಆ ತಳಿ ಇರೋದೇ ಹಾಗೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರ ಹಾಕಿ ಚೀಟಿ ತಂದಿತ್ತು. 2016ರಲ್ಲಿ ಸೇನೆಯವರು ತರಬೇತಿಗೆ ಮರಿ ತೆಗೆದುಕೊಂಡು ಹೋದರು. ಇದನ್ನೆಲ್ಲ ಅಣ್ಣ ಬಂದವರಿಗೆಲ್ಲ ಹೇಳುತ್ತಾನೆ.

ಸಂಜೆ ಐದಕ್ಕೆ ನಾನು ಚುಕ್ಕಿಯ ಹಗ್ಗ ಹಿಡಿದು ಎದ್ದೆ. ಅಣ್ಣ ತಡೆದ. "ತಂಗಿ, ಮೊದ್ಲು ನೆಲ ಮುಟ್ಟಿ ನೋಡು." ಅಂಗೈ ತಿರುಗಿಸಿ ಹಿಂಬದಿಯನ್ನು ಬಂಡೆ ಮೇಲೆ ಇಟ್ಟೆ. ಏಳು ಎಣಿಸುವವರೆಗೆ ಇಡೋಕಾಗಬೇಕಂತೆ. ನಾಲ್ಕಕ್ಕೇ ತೆಗೆದೆ. ನಾವು ಚಪ್ಪಲಿ ಹಾಕಿಕೊಂಡು ಓಡಾಡುತ್ತೇವೆ, ಅದರ ಪಾದಕ್ಕೆ ಏನಿದೆ ಹೇಳಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹೊರಗಿನ ಗಾಳಿಯೇ ಕುದಿಯುತ್ತಿದ್ದರೆ ಅದೂ ಸಾಲದು.

ಹಾಗಾಗಿ ಆ ದಿನ ಗುಡ್ಡ ಇಲ್ಲ. ಕಟ್ಟೆ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಭೀಮ ಮತ್ತು ಚುಕ್ಕಿ ಅರ್ಧ ಗಂಟೆ ಗುರ್ ಅಂದು, ಆಮೇಲೆ ಒಂದೇ ಬೋಗುಣಿಯಲ್ಲಿ ನೀರು ಕುಡಿದವು.

ಎರಡನೇ ದಿನ

ಬೆಳಗ್ಗೆ ಐದಕ್ಕೆ ಹೊರಟೆವು. ಊರ ಹಿಂದಿನ ಗುಡ್ಡಕ್ಕೆ ದೊಡ್ಡ ಹೆಸರೇನೂ ಇಲ್ಲ. ಊರವರು ಸುಮ್ನೆ ಮಟ್ಟಿ ಅನ್ನುತ್ತಾರೆ. ಕುರಿ ಮೇಯುವ ಗುಡ್ಡ, ವನ್ಯಜೀವಿ ಧಾಮಕ್ಕೆ ಸೇರಿದ್ದಲ್ಲ. ಆದರೂ ಎರಡು ನಾಯಿಗೂ ಹಗ್ಗ ಬಿಚ್ಚುವಂತಿಲ್ಲ. ಅದು ಅಣ್ಣನ ಷರತ್ತು. ಭೀಮ ಅವನ ಕೈಯಲ್ಲಿ, ಚುಕ್ಕಿ ನನ್ನ ಕೈಯಲ್ಲಿ.

ಹೊಂಗೆ ಸಾಲು ದಾಟಿದ ಮೇಲೆ ತಂಗಡಿ ಗಿಡಗಳು. ಇಷ್ಟು ಒಣಗಿದ ನೆಲದಲ್ಲಿ ಇಷ್ಟು ಹಳದಿ ಎಲ್ಲಿಂದ ತರುತ್ತದೋ ಅದು. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಗೌಜಲಕ್ಕಿ ಆ ಪೊದೆಗಳಿಂದಲೇ ಕೂಗುತ್ತಿತ್ತು. ಜೋರು ಕೂಗು, ಆದರೆ ಹಕ್ಕಿ ಮಾತ್ರ ಕಾಣದು. ಒಬ್ಬಳೇ ಬಂದಿದ್ದರೆ ನಾನು ಕೂಗು ಕೇಳಿಸಿಕೊಂಡು ಮುಂದೆ ಹೋಗಿರುತ್ತಿದ್ದೆ. ಚುಕ್ಕಿ ಬಿಡಲಿಲ್ಲ. ಒಂದು ಕಾಲು ಎತ್ತಿ ನಿಂತಳು. ನಾನೂ ನಿಂತೆ. ನಿಮಿಷ ಕಳೆದ ಮೇಲೆ ಪೊದೆ ಬುಡದಿಂದ ಎರಡು ಗೌಜಲಕ್ಕಿ ಹೊರಬಂದು, ತಲೆ ತಗ್ಗಿಸಿ, ಸೀರೆ ನೆರಿಗೆ ಎತ್ತಿಕೊಂಡು ಓಡುವ ಹೆಂಗಸರ ಹಾಗೆ ದಾರಿ ದಾಟಿದವು.

ಇನ್ನೂ ಸ್ವಲ್ಪ ಮೇಲೆ ಹೋದಾಗ ಗಮ್ ಅಂತ ವಾಸನೆ. ಈ ಸಲ ಮೊದಲು ಗೊತ್ತಾಗಿದ್ದು ನನಗೇ. ಕಲ್ಲಿನ ಸಂದಿಯಲ್ಲಿ ಬಿಕ್ಕೆ ಗಿಡ. ಗಿಡ ನೋಡಿದರೆ ಸತ್ತಂತಿದೆ, ಹೂ ನೋಡಿದರೆ ಮದುವೆ ಮನೆ. ಸಂಜೆ ಅರಳಿದ ಹೂ ಬೆಳ್ಳಗಿರುತ್ತದೆ, ಮರುದಿನಕ್ಕೆ ಹಳದಿಗೆ ತಿರುಗುತ್ತದೆ. ಹಾಗಾಗಿ ಒಂದೇ ಟೊಂಗೆಯಲ್ಲಿ ಬಿಳಿ ಹೂವೂ ಇತ್ತು, ಕೆನೆ ಬಣ್ಣದ್ದೂ ಇತ್ತು, ಹಳದಿಯೂ ಇತ್ತು. ಮೊಗ್ಗಿನ ತುದಿಯಲ್ಲಿ ಜೇನಿನ ಹನಿಯಂಥ ಅಂಟು. ಮುಟ್ಟಿದೆ, ಆಮೇಲೆ ಬೆರಳು ಬಿಡಿಸೋಕೆ ಸಾಕಾಯಿತು. ಚುಕ್ಕಿ ಒಂದು ಸಲ ಮೂಸಿ ಸೀನಿದಳು. ಅವಳ ಆಸಕ್ತಿ ಗಿಡದ ಬುಡದಲ್ಲಿ ಬಿದ್ದಿದ್ದ ಮೊಲದ ಹಿಕ್ಕೆ ಕಡೆ.

ಇಲ್ಲಿ ಒಂದು ಮಾತು. ನಾನು ಮೊದಲು ಗುಡ್ಡ ಹತ್ತುತ್ತಿದ್ದದ್ದು ತುದಿ ಮುಟ್ಟೋಕೆ. ಎಷ್ಟು ಹೊತ್ತಿನಲ್ಲಿ ಹತ್ತಿದೆ ಅನ್ನೋದೇ ಲೆಕ್ಕ. ನಾಯಿ ಜೊತೆ ಆ ಲೆಕ್ಕ ನಡೆಯೋದಿಲ್ಲ. ಅದು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತದೆ. ನಿಂತಲ್ಲೆಲ್ಲ ನಾನು ಸುಮ್ಮನೆ ನಿಲ್ಲಬೇಕು. ಮೊದಮೊದಲು ರೇಗುತ್ತಿತ್ತು. ಈಗ ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಏನಿದೆ ಅಂತ ಹುಡುಕುವುದೇ ನನ್ನ ಕೆಲಸ.

ಭೀಮನದು ಬೇರೆಯೇ ಶಾಲೆ. ಅವನು ಮೂಸೋದು ಕಡಿಮೆ, ನೋಡೋದು ಜಾಸ್ತಿ. ಮುಧೋಳ ನಾಯಿ ಬೇಟೆ ಹಿಡಿಯೋದು ಕಣ್ಣಿನಿಂದ. ದೂರದಲ್ಲಿ ಒಂದು ಚೂರು ಅಲುಗಿದರೂ ಅವನ ಕುತ್ತಿಗೆ ಬಿಗಿಯುತ್ತದೆ. ಬಂಡೆಗಳು ಮುಗಿದು ಬಯಲು ಶುರುವಾಗುವಲ್ಲಿ ಹಾಗೇ ಬಿಗಿಯಿತು. ಅಣ್ಣ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ನನಗೆ ಕಾಣಿಸಿದ್ದು ಬರೀ ಕಲ್ಲು, ಒಣ ಹುಲ್ಲು. ಒಂದು ಕಲ್ಲು ಎದ್ದು ನಡೆಯಿತು. ಹಳದಿ ಟಿಟ್ಟಿಭ! ತಲೆ ಮೇಲೆ ಕರಿ ಟೋಪಿ, ಕಣ್ಣಿನ ಪಕ್ಕ ಹಳದಿ ಚರ್ಮ, ಉದ್ದ ಹಳದಿ ಕಾಲು. ಕೆಲವೇ ಕ್ಷಣದಲ್ಲಿ ಜೋಡಿ ಹಕ್ಕಿ ತಲೆ ಮೇಲೆ ಹಾರಿ ಬೈಯೋಕೆ ಶುರುಮಾಡಿತು.

ಅಣ್ಣ ಭೀಮನನ್ನು ಹಿಂದಕ್ಕೆ ಎಳೆದ. "ಮೊಟ್ಟೆ ಐತೆ. ಹೆಜ್ಜೆ ನೋಡ್ಕಂಡು ಇಡು."

ಕೊನೆಗೆ ಬೈನಾಕ್ಯುಲರಿನಲ್ಲಿ ಕಂಡಿತು. ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಬೆಣಚುಕಲ್ಲು, ನಡುವೆ ನಾಲ್ಕು ಮೊಟ್ಟೆ. ಮೊಟ್ಟೆಯ ಬಣ್ಣ, ಮೇಲಿನ ಮಚ್ಚೆ ಎಲ್ಲ ಕಲ್ಲಿನಂತೆಯೇ. ಹಗಲಿಡೀ ಈ ಬಿಸಿಲಿನಲ್ಲಿ ಮೊಟ್ಟೆ ಬೇಯದ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಹಕ್ಕಿ ನೀರಿರುವ ಕಡೆ ಹೋಗಿ ಹೊಟ್ಟೆ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ನಾವು ನೋಡುತ್ತಾ ನಿಂತಷ್ಟು ಹೊತ್ತೂ ಅದು ಮೊಟ್ಟೆ ಬಿಟ್ಟು ಹೊರಗಿರಬೇಕಾಗುತ್ತದೆ. ಎರಡು ನಿಮಿಷ ನೋಡಿ ಹಿಂದೆ ಸರಿದೆವು. ಹಗ್ಗ ಇಲ್ಲದೆ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಟಿಟ್ಟಿಭ ಮೊಟ್ಟೆ ಇಡೋದು ಈ ಬೇಸಿಗೆಯಲ್ಲೇ. ನಾವು ನಾಯಿ ಬಿಟ್ಟುಕೊಂಡು ಗುಡ್ಡ ಸುತ್ತೋದೂ ಇದೇ ರಜೆಯಲ್ಲಿ.

ಬಂಡೆಗಳ ಮೇಲೆ ಬಿಸಿಲು ಬಿದ್ದ ಮೇಲೆ ಓತಿಗಳು ಹೊರಬಂದವು. ಬೆದೆಯ ಕಾಲ. ಗಂಡಿನ ತಲೆ, ಬೆನ್ನು ಕೆಂಡದ ಬಣ್ಣ, ಪಕ್ಕೆ ಕಪ್ಪು. ಹೆಣ್ಣು ಬಂಡೆಯ ಬಣ್ಣಕ್ಕೇ ಇರುತ್ತದೆ. ಅದನ್ನು ಮೆಚ್ಚಿಸೋಕೆ ಗಂಡು ದಂಡ ಹೊಡೆಯುತ್ತಿತ್ತು. ಚುಕ್ಕಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟಕ್ಕೇ ಕೆಂಪು ಮಾಸಿತು. ನೋಡನೋಡುತ್ತಾ ದೊಡ್ಡ ಹೀರೋ ಮಣ್ಣು ಬಣ್ಣದ ಓತಿಯಾಗಿ ಸಂದಿ ಸೇರಿಕೊಂಡ.

ತುದಿ ಇನ್ನೂ ಅರ್ಧ ಗಂಟೆ ದಾರಿ. ಅಲ್ಲಿಗೆ ನಾವು ಹೋಗಲಿಲ್ಲ. ಒಂದು ಕಕ್ಕೆ ಮರದ ಕೆಳಗೆ ಚುಕ್ಕಿ ಗಕ್ಕನೆ ನಿಂತಳು. ಬೆನ್ನ ಕೂದಲು ನಿಮಿರಿತು. ಬಾಲ ಕೆಳಗೆ. ಬೊಗಳಲಿಲ್ಲ. ಮರದ ತುಂಬ ಹಳದಿ ಗೊಂಚಲು ಇಳಿಬಿದ್ದಿದೆ, ನನ್ನ ಕಣ್ಣೆಲ್ಲ ಅದರ ಮೇಲೆ. ಅವಳು ನೋಡುತ್ತಿದ್ದದ್ದು ನೆಲ. ಅಲ್ಲಿ ಕರಡಿ ಹಾಕಿದ ಲದ್ದಿ, ಇನ್ನೂ ಹಸಿ. ಅದರೊಳಗೆ ಕಕ್ಕೆ ಬೀಜ. ಉದ್ದ ಕಾಯೊಳಗಿನ ಸಿಹಿ ತಿರುಳು ಕರಡಿಗೆ ಇಷ್ಟ. ತಿಂದು ದೂರ ಹೋಗಿ ಬೀಜ ಬಿತ್ತಿ ಬರುತ್ತದೆ. ಮೇಲಿನ ಹೂವಿಗೂ ಕೆಳಗಿನ ಲದ್ದಿಗೂ ಅಷ್ಟು ನಂಟು. ಪಕ್ಕದಲ್ಲೇ ಹುತ್ತವೊಂದು ಒಡೆದು ಹೋಗಿತ್ತು.

"ನಡಿ, ಇಲ್ಲಿಗೆ ಸಾಕು" ಅಂದ ಅಣ್ಣ. ನಾನು ವಾದ ಮಾಡಲಿಲ್ಲ. ಕರಡಿಯನ್ನು ಕಂಡು ನಾಯಿ ಬೊಗಳಿ ಓಡಿದರೆ ಓಡಿಬರುವುದು ಒಡೆಯನ ಹತ್ತಿರ. ಅದರ ಹಿಂದೆ ಕರಡಿ. ಈ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಮಧ್ಯಾಹ್ನ ಪೂರ್ತಿ ಉಣುಗು ತೆಗೆಯೋ ಕೆಲಸ. ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಪಟ್ಟಿ ಕೆಳಗೆ. ಚುಕ್ಕಿಯಿಂದ ಒಂಬತ್ತು, ಭೀಮನಿಂದ ನಾಲ್ಕು. ಉಣುಗಿನಿಂದ ನಾಯಿಗೆ ಜ್ವರ ಬರುತ್ತದೆ, ಬಿಟ್ಟರೆ ಜೀವಕ್ಕೇ ಬರುತ್ತದೆ. ಚುಕ್ಕಿ ಕುಂಟುತ್ತಿದ್ದಳು ಅಂತ ಪಾದ ನೋಡಿದರೆ ನೆಗ್ಗಿಲು ಮುಳ್ಳು. ಬದು ಪಕ್ಕ ಹಳದಿ ಪುಟ್ಟ ಹೂ ಅಂತ ನಾನು ಬಗ್ಗಿ ಫೋಟೋ ತೆಗೆದದ್ದು ಅದೇ ಬಳ್ಳಿಯದು. ಹೂ ನನಗೆ, ಮುಳ್ಳು ಅವಳಿಗೆ.

ಮೂರನೇ ದಿನ

ಜೋಗಿಮಟ್ಟಿ. ನಾಯಿಗಳು ಮನೆಯಲ್ಲೇ.

ಜೋಗಿಮಟ್ಟಿ ಈಗ ವನ್ಯಜೀವಿ ಧಾಮ. ಒಳಗೆ ನಾಯಿ ಒಯ್ಯುವಂತಿಲ್ಲ. ಕೆಲವರಿಗೆ ಇದು ಸಿಟ್ಟು ತರಿಸುತ್ತದೆ. "ನಮ್ಮ ನಾಯಿ ಏನೂ ಮಾಡಲ್ಲ ಸಾರ್" ಅಂತಾರೆ. ನಿನ್ನೆ ಆ ನಾಲ್ಕು ಮೊಟ್ಟೆ ನೋಡಿದ ಮೇಲೆ ನನಗೆ ಆ ಮಾತು ಬಾಯಿಗೆ ಬರೋದಿಲ್ಲ. ನಾಯಿ ಏನೂ ಮಾಡದೆ ಇದ್ದರೂ ಅದರ ವಾಸನೆಯೇ ಸಾಕು, ಕಾಡಿನ ಪ್ರಾಣಿ ಜಾಗ ಬಿಟ್ಟು ಹೋಗೋಕೆ. ಅದಲ್ಲದೆ ಊರ ನಾಯಿಯ ರೋಗಗಳು ನರಿ, ತೋಳಕ್ಕೂ ಅಂಟುತ್ತವೆ. ಹುಚ್ಚುನಾಯಿ ರೋಗ ಒಂದೇ ಅಲ್ಲ, ಡಿಸ್ಟೆಂಪರ್ ಕೂಡ. ಚುಕ್ಕಿಗೆ ವರ್ಷಾವರ್ಷ ಲಸಿಕೆ ಹಾಕಿಸುತ್ತೇನೆ. ಭೀಮನಿಗೆ ಹಾಕಿಸಿದ್ದೀಯಾ ಅಂತ ಅಣ್ಣನನ್ನು ಕೇಳಿದೆ. ಅವನು ಗಾಳಿಯಂತ್ರಗಳ ಕಡೆ ನೋಡಿದ. ಮುಂದಿನ ವಾರ ಹಾಕಿಸುತ್ತಾನಂತೆ.

ಮೇಲೆ ಗಾಳಿ ಚೆನ್ನಾಗಿತ್ತು. ಬಂಡೆ ಇಳಿಜಾರಿನ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಸಿಕ್ಕಿತು. ದಕ್ಷಿಣದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ಹಂಪಿಗೆ ಹೋಗಿ ಮೂರು ದಿನ ಹುಡುಕಿ ಸಿಗದೆ ಬಂದಿದ್ದೆ. ಕೊಂಡುಕುರಿ ಕಾಣಬಹುದು ಅಂತ ಆಸೆಯಿತ್ತು, ಕಾಣಲಿಲ್ಲ. ಗಂಡಿಗೆ ನಾಲ್ಕು ಕೊಂಬಿರುವ ಸಣ್ಣ ಜಿಂಕೆಯಂಥ ಪ್ರಾಣಿ. ಅದು ಇದೆ ಅಂತಲೇ ಜಗಳೂರು ಕಡೆಯ ರಂಗಯ್ಯನದುರ್ಗವನ್ನು 2011ರಲ್ಲಿ ಧಾಮ ಮಾಡಿದರು.

ನಿಜ ಹೇಳಬೇಕೆಂದರೆ ಆ ದಿನ ನನಗೆ ಕೈ ಖಾಲಿ ಖಾಲಿ ಅನಿಸುತ್ತಿತ್ತು. ನಿಲ್ಲು ಅನ್ನೋರು ಇಲ್ಲದೆ ಬೇಗ ಬೇಗ ನಡೆದುಬಿಟ್ಟೆ. ಒಂಬತ್ತಕ್ಕೆಲ್ಲ ಇಳಿದು ದುರ್ಗದಲ್ಲಿ ತಿಂಡಿ ತಿಂದೆವು.

ನಾಲ್ಕನೇ ದಿನ

ದೂರದ ದಿನ. ಮೊಳಕಾಲ್ಮೂರು ತಾಲ್ಲೂಕು. ಬೆಳಗಿನ ಜಾವ ಮೂರಕ್ಕೇ ಹೊರಟೆವು. ಚಳ್ಳಕೆರೆ ದಾಟಿದ ಮೇಲೆ ಬೆಳಕು ಹರಿಯಿತು. ಭೀಮ ಕಾರಿನಲ್ಲಿ ವಾಂತಿ ಮಾಡುತ್ತಾನೆ, ಹಾಗಾಗಿ ಚುಕ್ಕಿ ಮಾತ್ರ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಹತ್ತಿರ ಹತ್ತಿರ. ಮೂರರಲ್ಲೂ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಬಂಡೆಗೆ ಊರವರು ಅಕ್ಷರ ಗುಂಡು ಅನ್ನುತ್ತಾರೆ. ಶಾಸನದ ಜಾಗಕ್ಕೂ ದೇವಸ್ಥಾನಕ್ಕೂ ನಾಯಿ ಒಯ್ಯೋದು ಸರಿಯಲ್ಲ. ನಾವು ಪಾಳಿ ಹಾಕಿಕೊಂಡೆವು. ಅಣ್ಣ ಹೋದಾಗ ನಾನು ಚುಕ್ಕಿ ಜೊತೆ, ನಾನು ಹೋದಾಗ ಅವನು.

ಶಾಸನ ನನಗೆ ಓದಲು ಬರೋದಿಲ್ಲ, ಆದರೆ ಅದರಲ್ಲಿ ಏನಿದೆ ಅಂತ ಮಕ್ಕಳಿಗೆ ಪಾಠ ಮಾಡಿದ್ದೇನೆ. ತಂದೆ ತಾಯಿ ಮಾತು ಕೇಳಬೇಕು, ಹಿರಿಯರ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು. ಕೊನೆಗೆ ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ತಾನು ಲಿಪಿಕಾರ ಅನ್ನೋ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯದ ಗಡಿ ಕಡೆಯ ಲಿಪಿ. ಎರಡು ಲಿಪಿ ಗೊತ್ತು ಅಂತ ತೋರಿಸಿಕೊಳ್ಳೋ ಆಸೆ ಆಗಲೂ ಇತ್ತು ನೋಡಿ. ಇದೇ ಬಿಸಿಲು, ಇದೇ ಕಲ್ಲು, ಉಳಿ ಹಿಡಿದವರು ಬೆಳಗಿನ ಹೊತ್ತೇ ಕೆಲಸ ಮಾಡಿರಬೇಕು ಅಲ್ವಾ?

ನಾನು ವಾಪಸ್ಸು ಬಂದಾಗ ಅಣ್ಣ ಮತ್ತು ಚುಕ್ಕಿ ಒಂದು ದೇವಗಣಗಿಲೆ ಮರದ ಕೆಳಗೆ ಇದ್ದರು. ಮರದಲ್ಲಿ ಎಲೆ ಕಡಿಮೆ, ಹೂ ಜಾಸ್ತಿ. ಇದು ನಮ್ಮ ಗಿಡವೇ ಅಲ್ಲ, ಅಮೆರಿಕ ಖಂಡದಿಂದ ಬಂದದ್ದು. ಆದರೂ ಇದಿಲ್ಲದ ಗುಡಿ ಕಮ್ಮಿ. ಉದುರಿದ ಹೂಗಳ ನಡುವೆ ಚುಕ್ಕಿ ಕಾಲು ಚಾಚಿ ಮಲಗಿದ್ದಳು. ಪಕ್ಕದಲ್ಲಿ ಕುರಿ ಕಾಯುವ ಅಜ್ಜ ಒಬ್ಬರು. "ನಾಯಿಗೆ ನೀರು ಕುಡಿಸೀಯೇನವ್ವ?" ಅಂತ ನನ್ನನ್ನೇ ಗದರಿಸಿದರು. ಕುಡಿಸಿದ್ದೆ ಅಂದೆ. ಈ ಗುಂಡುಗಳ ಸಂದಿಯಲ್ಲಿ ಕರಡಿ, ಚಿರತೆ ಎರಡೂ ಇವೆ, ಕತ್ತಲಾದ ಮೇಲೆ ನಾಯಿ ಹಿಡಕೊಂಡು ಓಡಾಡಬೇಡಿ ಅಂದರು. ಚಿರತೆಗೆ ನಾಯಿ ಅಂದರೆ ಬಲು ಆಸೆ. ಆಮೇಲೆ ನಮ್ಮ ಮಂಡಕ್ಕಿ ಚೀಲ ನೋಡಿ, "ಅದೇನು, ಒಂದು ಹಿಡಿ ಹಾಕ್ರಿ" ಅಂತ ಪಂಚೆ ಮಡಿಲು ಒಡ್ಡಿದರು.

ಸಂಜೆ ಮನೆ ಸೇರುವಾಗ ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಏಳಕ್ಕೆ ಗಾಳಿ, ಧೂಳು, ಗುಡುಗು. ಆಮೇಲೆ ಮಳೆ. ದೊಡ್ಡಮ್ಮ ಅಂಗಳಕ್ಕೆ ಕೈ ಚಾಚಿ, "ಭರಣಿ ಹುಟ್ಟಿದ ದಿನಾನೇ ಬಂತು ನೋಡು. ಭರಣಿ ಬಂದ್ರೆ ಧರಣಿಯೆಲ್ಲ ಬೆಳೆ" ಅಂತ ಖುಷಿಪಟ್ಟರು. ಬೇಟೆ ನಾಯಿ ಭೀಮ ಮಂಚದ ಕೆಳಗೆ ನಡುಗುತ್ತಾ ಕೂತಿದ್ದ. ಎಳೆದರೂ ಬರಲಿಲ್ಲ.

ಐದನೇ ದಿನ

ವಾಪಸ್ಸು ಹೊರಡುವ ದಿನ. ಆದರೂ ಐದಕ್ಕೇ ಎದ್ದೆ. ಮಣ್ಣಿನ ವಾಸನೆ ಮನೆಯೊಳಗೆ ಬಂದಿತ್ತು.

ಬೀದಿ ದೀಪದ ಕೆಳಗೆ ರಾತ್ರಿ ಎದ್ದ ಈಸಲು ಹುಳಗಳ ರೆಕ್ಕೆ ರಾಶಿ ಬಿದ್ದಿತ್ತು. ಚುಕ್ಕಿ ಮೂಸಿದಳು, ರೆಕ್ಕೆಗಳು ಮೂಗಿಗೆ ಅಂಟಿಕೊಂಡು ಮೀಸೆಯಾಯಿತು. ಗುಡ್ಡದ ಬುಡದಲ್ಲಿ ಕೆಂಪು ಮಖಮಲ್ ಹುಳ, ಕುಂಕುಮದ ಬೊಟ್ಟು ಎದ್ದು ನಡೆದ ಹಾಗೆ. ಮೂರೋ ನಾಲ್ಕೋ ಇದ್ದವು. ಚಿಕ್ಕಂದಿನಲ್ಲಿ ಇವನ್ನು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವು. ತಂಗಡಿ ಹೂ ತೊಳೆದಿಟ್ಟ ಹಾಗಿತ್ತು. ಬಿಕ್ಕೆ ಹೂವೆಲ್ಲ ಮಳೆಗೆ ಉದುರಿ ಹೋಗಿತ್ತು.

ನನ್ನ ತಲೆಯಲ್ಲಿದ್ದದ್ದು ಆ ನಾಲ್ಕು ಮೊಟ್ಟೆ. ಅಷ್ಟು ಜೋರು ಮಳೆ, ಅದೂ ಬರೀ ಒಂದು ತಗ್ಗಿನಲ್ಲಿ. ಬಂಡೆ ಮುಗಿಯುವ ಜಾಗಕ್ಕೆ ಬಂದು ಅಲ್ಲೇ ನಿಂತೆವು. ಬೈನಾಕ್ಯುಲರ್ ಹಿಡಿದು ಆ ತಗ್ಗು ಹುಡುಕಿದೆ. ಬೆಣಚುಕಲ್ಲು ಇವೆ. ಮೊಟ್ಟೆ ಇಲ್ಲ. ಸಿಪ್ಪೆಯೂ ಇಲ್ಲ.

"ಮುಂಗುಸಿ ತಿಂದಿರಬೇಕು" ಅಂದೆ. ಗಂಟಲು ಕಟ್ಟಿತ್ತು.

ಅಣ್ಣ ಏನೂ ಹೇಳಲಿಲ್ಲ. ಅಷ್ಟರಲ್ಲಿ ಎಡಗಡೆ, ಮೊದಲಿನ ಜಾಗದಿಂದ ಒಂದು ಇಪ್ಪತ್ತು ಮಾರು ದೂರದಲ್ಲಿ, ಟಿಟ್ಟಿಭ ಎದ್ದು ಕೂಗತೊಡಗಿತು. ಜೋಡಿಯೂ ಸೇರಿಕೊಂಡಿತು. ಅದೇ ಬೈಗುಳ, ಮೊನ್ನೆಗಿಂತ ಜೋರು. ಭೀಮನ ಕುತ್ತಿಗೆ ಆ ಕಡೆ ಬಿಗಿಯಿತು. ಹಕ್ಕಿಗಳು ಮೇಲಿವೆ, ಇವನ ಕಣ್ಣು ನೆಲದ ಮೇಲಿದೆ. ಅವ್ವ ಕೂಗಿದ ತಕ್ಷಣ ಟಿಟ್ಟಿಭದ ಮರಿ ಇದ್ದಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತದೆ, ಕಲ್ಲಾಗಿಬಿಡುತ್ತದೆ. ನಾನು ಎಷ್ಟು ನೋಡಿದರೂ ನನಗೆ ಕಂಡದ್ದು ಕಲ್ಲು, ಹುಲ್ಲು, ಕಲ್ಲು.

"ಇಷ್ಟು ಕೂಗ್ತಾವೆ ಅಂದ್ರೆ ಅಲ್ಲೇನೋ ಐತೆ ಕಣವ್ವ" ಅಂದ ಅಣ್ಣ. "ನಡಿ ವಾಪಸ್ಸು."

ಚುಕ್ಕಿ ಮೂಗಿನ ಮೇಲೆ ಇನ್ನೂ ಒಂದು ಈಸಲ ರೆಕ್ಕೆ ಉಳಿದಿತ್ತು. ಒರೆಸಿ, ಹಗ್ಗ ಗಿಡ್ಡ ಹಿಡಿದು, ಬಂದ ದಾರಿಯಲ್ಲೇ ಇಳಿದೆವು. ಕೂಗು ಬೇಲಿ ದಾಟುವ ತನಕ ಹಿಂದೆಯೇ ಬಂತು.